ಗ್ವಾಸ್ಟವಿನೊ ಅಪ್ಪ-ಮಗ ಕಟ್ಟಿದ್ದು ಸಾವಿರ ಕಟ್ಟಡ, ಹೆಸರು ಮಾತ್ರ ಬೇರೆಯವರದ್ದಾ?

ಹಳೇಗೋಡೆ:
ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಕಟ್ಟಡದ ಹುಚ್ಚಿರುವವರು ಉತ್ತರ ಹೇಳಿ.

ಬಾಸ್ಟನ್ ಪಬ್ಲಿಕ್ ಲೈಬ್ರರಿ ಯಾರದು ಅಂದರೆ ಮೆಕಿಮ್, ಮೀಡ್ ಅಂಡ್ ವೈಟ್ ಅನ್ನುತ್ತಾರೆ. ನ್ಯೂಯಾರ್ಕಿನ ಹಳೇ ಸಿಟಿ ಹಾಲ್ ಸಬ್‌ವೇ ಸ್ಟೇಷನ್ ಅಂದರೆ ಹೈನ್ಸ್ ಅಂಡ್ ಲಾಫಾರ್ಜ್. ಅಲ್ಲಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ ಅಂದರೆ ಇನ್ನೆರಡು ಆರ್ಕಿಟೆಕ್ಟ್ ಕಂಪನಿಗಳು. ಈಗ ಮೂರರ ಫೋಟೋನೂ ಪಕ್ಕಪಕ್ಕ ಇಟ್ಟುಕೊಂಡು ಹೆಂಚಿನ ಸೂರು (ಸುಟ್ಟ ಮಣ್ಣಿನ ತೆಳು ಬಿಲ್ಲೆಗಳ ಕಮಾನು) ಮಾತ್ರ ನೋಡಿ. ಒಂದೇ ಕೈ ಅಂತ ಗೊತ್ತಾಗಿಬಿಡುತ್ತದೆ. ಅದು ಗ್ವಾಸ್ಟವಿನೊ ಫೈರ್‌ಪ್ರೂಫ್ ಕನ್‌ಸ್ಟ್ರಕ್ಷನ್ ಕಂಪನಿಯ ಕೆಲಸ. 1889ರಲ್ಲಿ ಶುರುವಾಗಿ 1962ರಲ್ಲಿ ಮುಚ್ಚಿತು. ಸ್ಪೇನಿನಿಂದ ಬಂದ ಅಪ್ಪ-ಮಗನದ್ದು. ಅಪ್ಪನ ಹೆಸರು ರಫಾಯಲ್ ಗ್ವಾಸ್ಟವಿನೊ, ಮಗನ ಹೆಸರೂ ರಫಾಯಲ್ ಗ್ವಾಸ್ಟವಿನೊ. ಅಮೆರಿಕದಲ್ಲಿ ಸಾವಿರದಷ್ಟು ಕಟ್ಟಡಗಳಲ್ಲಿ ಇವರ ಕಮಾನುಗಳಿವೆ. ನ್ಯೂಯಾರ್ಕ್ ಒಂದರಲ್ಲೇ ಇನ್ನೂರಕ್ಕೂ ಜಾಸ್ತಿ.

ನನ್ನ ಪ್ರಶ್ನೆ ಎರಡು. ಈ ಕಟ್ಟಡಗಳನ್ನು ಇವರದ್ದು ಅನ್ನಬಹುದಾ? ಅಷ್ಟು ಒಳ್ಳೇ ಕಂಪನಿ ಯಾಕೆ ಮುಚ್ಚಿಹೋಯಿತು?

ರೈಲುಹುಚ್ಚ:
ಸಿಟಿ ಹಾಲ್ ಸ್ಟೇಷನ್ ಹೆಸರು ತೆಗೆದಿರಲ್ಲ, ಇನ್ನು ನನ್ನನ್ನು ತಡೆಯಬೇಡಿ. 1904ರ ಅಕ್ಟೋಬರ್ 27ಕ್ಕೆ ನ್ಯೂಯಾರ್ಕಿನ ಮೊದಲ ಸಬ್‌ವೇ ಓಡಿತು. ಆ ಲೈನಿನ ಶೋಪೀಸ್ ಸ್ಟೇಷನ್ ಇದು. ಪ್ಲಾಟ್‌ಫಾರಂ ತುಂಬಾ ಬಾಗಿದೆ. ಉದ್ದ ರೈಲುಗಳು ಬಂದ ಮೇಲೆ ಬೋಗಿಗೂ ಪ್ಲಾಟ್‌ಫಾರಂಗೂ ನಡುವೆ ದೊಡ್ಡ ಸಂದು ಬೀಳುತ್ತಿತ್ತು. 1945ರ ಕೊನೇ ದಿನ ಮುಚ್ಚಿದರು. ಈಗಲೂ 6ನೇ ನಂಬರ್ ರೈಲು ಕೊನೇ ಸ್ಟಾಪ್ ಆದ ಮೇಲೆ ತಿರುಗಿಕೊಳ್ಳುವುದು ಅಲ್ಲೇ. ಇಳಿಯದೆ ಕೂತು ಕಿಟಕಿಗೆ ಮುಖ ಒತ್ತಿ ನೋಡಿದ್ದೇನೆ. ಹಸಿರು, ಕೆನೆ ಬಣ್ಣದ ಬಿಲ್ಲೆ, ಗಾಜಿನ ಬೆಳಕಿಂಡಿ. ಒಂದು ನಿಮಿಷವೂ ಸಿಗುವುದಿಲ್ಲ. ಪೂರ್ತಿ ನೋಡಬೇಕಾದರೆ ಟ್ರಾನ್ಸಿಟ್ ಮ್ಯೂಸಿಯಂನವರ ಟೂರ್ ಹಿಡಿಯಬೇಕು.

ಸೈಟ್ ಇಂಜಿನಿಯರ್:
ಮೊದಲು ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಚರ್ಚೆ ಮುಂದೆ ಹೋಗಲ್ಲ.

ಮಾಮೂಲಿ ಕಲ್ಲಿನ ಕಮಾನಿಗೆ ಕೆಳಗಿನಿಂದ ಮರದ ಸೆಂಟ್ರಿಂಗ್ ಕೊಡಬೇಕು. ಕಲ್ಲು ಇಟ್ಟು, ನಡುವಿನ ಬೀಗದ ಕಲ್ಲು ಕೂರಿಸಿ, ಆಮೇಲೆ ಸೆಂಟ್ರಿಂಗ್ ಬಿಚ್ಚಬೇಕು. ಇವರು ಮಾಡಿದ್ದು ಬೇರೆ. ಸುಮಾರು ಒಂದು ಇಂಚು ದಪ್ಪದ ಸುಟ್ಟ ಮಣ್ಣಿನ ಬಿಲ್ಲೆ. ಅದರ ಅಂಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ಪಕ್ಕದ ಬಿಲ್ಲೆಗೆ ಒತ್ತಿ ಹಿಡಿಯುವುದು. ನೋಡನೋಡುತ್ತಲೇ ಗಟ್ಟಿಯಾಗುತ್ತದೆ. ಕೈ ಬಿಟ್ಟರೂ ಗಾಳಿಯಲ್ಲೇ ನಿಲ್ಲುತ್ತದೆ. ಹಾಗೆ ಒಂದು ಪದರ ಮುಗಿದ ಮೇಲೆ ಅದೇ ಮೇಲಿನ ಪದರಗಳಿಗೆ ಸೆಂಟ್ರಿಂಗ್. ಎರಡನೇ, ಮೂರನೇ ಪದರಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟ್, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರದ ಹಾಗೆ. ಎಲ್ಲಾ ಸೇರಿ ಕೆಲವೇ ಇಂಚು ದಪ್ಪ. ಅಗಲಕ್ಕೆ ಹೋಲಿಸಿದರೆ ಮೊಟ್ಟೆ ಚಿಪ್ಪು ಅನ್ನಿ.

ಇದು ಅವರು ಕಂಡುಹಿಡಿದದ್ದಲ್ಲ. ಸ್ಪೇನಿನ ಕ್ಯಾಟಲೋನಿಯಾ, ವೆಲೆನ್ಸಿಯಾ ಕಡೆ ಶತಮಾನಗಳಿಂದ ಇತ್ತು. ಬಾರ್ಸಿಲೋನಾದ ಹೆಸರಾಂತ ಆರ್ಕಿಟೆಕ್ಟ್ ಗೌಡಿಯೂ ಇದನ್ನೇ ಬಳಸಿದ್ದು. ಅಪ್ಪ ಅದಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಸೇರಿಸಿ, ಬೆಂಕಿ ತಡೆಯುವ ಚಾವಣಿ ಅಂತ ಅಮೆರಿಕದಲ್ಲಿ ಮಾರಿದರು. 1885ರಲ್ಲಿ ಮೊದಲ ಪೇಟೆಂಟ್. ಷಿಕಾಗೊ 1871ರಲ್ಲಿ ಸುಟ್ಟಿತ್ತು, ಬಾಸ್ಟನ್ 1872ರಲ್ಲಿ. ಕಟ್ಟಡ ಕಟ್ಟಿಸುವವರೆಲ್ಲ ಬೆಂಕಿ ಅಂದರೆ ಬೆಚ್ಚಿ ಬೀಳುತ್ತಿದ್ದ ಕಾಲ.

ಕಾಲೇಜ್ ಕಟ್ಟೆ:
ಸೆಂಟ್ರಿಂಗ್ ಇಲ್ಲದೆ?? ನಮ್ಮ ಪ್ರೊಫೆಸರ್ ಇದನ್ನು ಕೇಳಿದರೆ ಕ್ಲಾಸಿನಿಂದ ಹೊರಗೆ ಹಾಕುತ್ತಾರೆ.

ಗಾರೆಮಣೆ:
ಯಾಕೆ ಹಾಕ್ತಾರೆ? ಹಳೇ ಮದ್ರಾಸ್ ತಾರಸಿ ನೋಡಿಲ್ವಾ ತಮ್ಮ? ಮರದ ತೊಲೆ ಮೇಲೆ ಸಣ್ಣ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆಯಾಗಿ ಜೋಡಿಸಿಕೊಂಡು ಹೋಗೋದು. ಅದಕ್ಕೂ ಕೆಳಗೆ ಹಲಗೆ ಹೊಡೆಯಲ್ಲ. ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ಕಮಾನು ಬೇರೆ, ಅದು ಬೇರೆ, ಒಪ್ಪಿದೆ. ಆದರೆ ಗಾರೆ ಹಿಡಿಯುತ್ತದೆ ಅನ್ನೋ ನಂಬಿಕೆ ಎರಡರಲ್ಲೂ ಒಂದೇ.

ಲೆಕ್ಕದಮ್ಮ:
‘ಅಪ್ಪ-ಮಗನ ಕಂಪನಿ’ ಅನ್ನುವುದಕ್ಕೇ ನನ್ನ ತಕರಾರು. ವಿಲಿಯಂ ಬ್ಲಾಡ್ಜೆಟ್ ಎಲ್ಲಿ ಹೋದರು? ಕಂಪನಿಯ ಲೆಕ್ಕ, ದುಡ್ಡು, ಕಾಂಟ್ರಾಕ್ಟ್ ಎಲ್ಲಾ ನೋಡಿಕೊಂಡವರು ಅವರು. ಅಪ್ಪ ಗ್ವಾಸ್ಟವಿನೊಗೆ ದುಡ್ಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಇಂಗ್ಲಿಷ್ ಬಾರದೆ ಬಂದವರು ಬೇರೆ. ಬ್ಲಾಡ್ಜೆಟ್ ಇಲ್ಲದಿದ್ದರೆ ಕಂಪನಿ ನಾಲ್ಕು ವರ್ಷವೂ ಬಾಳುತ್ತಿರಲಿಲ್ಲ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಕೊನೆಗೆ 1943ರಲ್ಲಿ ಮಗ ಗ್ವಾಸ್ಟವಿನೊ ತನ್ನ ಪಾಲು ಮಾರಿದ್ದು ಯಾರಿಗೆ? ಬ್ಲಾಡ್ಜೆಟ್ ಅವರ ಮಗನಿಗೆ! ಅಂದರೆ ಕೊನೆಯ ಸುಮಾರು 20 ವರ್ಷ ಇದು ಇನ್ನೊಂದು ಕುಟುಂಬದ ಕಂಪನಿ, ಬೋರ್ಡಿನ ಮೇಲೆ ಹಳೇ ಹೆಸರು.

ಹಳೇಗೋಡೆ:
@ಲೆಕ್ಕದಮ್ಮ ಮೇಡಂ, ಲೆಕ್ಕ ಬರೆದವರು ಕಮಾನು ಕಟ್ಟಿದ ಹಾಗಾಯಿತಾ?

ಲೆಕ್ಕದಮ್ಮ:
ನಕ್ಷೆ ಬರೆದವರು ಕಟ್ಟಿದ ಹಾಗಾಯಿತಾ? ನೀವೇ ಶುರು ಮಾಡಿದ ಜಗಳ ಇದು.

ಗುಮ್ಮಟದೂರು:
ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಓಯ್‌ಸ್ಟರ್ ಬಾರ್ ಅನ್ನುವ ಹೋಟೆಲ್ ಎದುರಿಗಿನ ಕಮಾನಿನ ಕೆಳಗೆ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ನಿಂತವರಿಗೆ ಕೇಳುತ್ತದಂತೆ. ಅದಕ್ಕೆ ಜನ ಸಾಲು ನಿಲ್ಲುತ್ತಾರಂತೆ. ನಮ್ಮ ಗೋಲಗುಮ್ಮಟ 1656ರಲ್ಲೇ ಅದನ್ನು ಮಾಡಿ ತೋರಿಸಿದೆ ಕಣ್ರೀ! ಅದೂ ಏಳೇಳು ಸಲ ವಾಪಸ್ ಹೇಳುತ್ತದೆ.

ರೈಲುಹುಚ್ಚ:
ಬಂತು ನೋಡಿ. ಯಾವ ಚರ್ಚೆಯೂ ವಿಜಯಪುರಕ್ಕೆ ಹೋಗದೆ ಮುಗಿಯಲ್ಲ 😄

ಸೈಟ್ ಇಂಜಿನಿಯರ್:
ಇಲ್ಲ, ಹೋಲಿಸಿ ನೋಡುವುದು ಒಳ್ಳೆಯದೇ. ಗೋಲಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಗೋಡೆ ಸುಮಾರು 3 ಮೀಟರ್ ದಪ್ಪ. ಅಲ್ಲಿ ತೂಕವನ್ನು ತೂಕದಿಂದಲೇ ಅದುಮಿದ್ದಾರೆ. ಮಗ ಗ್ವಾಸ್ಟವಿನೊ 1909ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ ದ ಡಿವೈನ್ ಕೆಥೀಡ್ರಲ್ ಮೇಲೆ ನೂರು ಅಡಿಗೂ ಅಗಲದ ಗುಮ್ಮಟ ಎಬ್ಬಿಸಿದರು. ದಪ್ಪ ಬರೀ ಕೆಲವು ಇಂಚು. ಸೆಂಟ್ರಿಂಗ್ ಇಲ್ಲ. ಕೆಲಸದವರು ಹಿಂದಿನ ದಿನ ಕಟ್ಟಿದ ಸಾಲಿನ ಮೇಲೆ ನಿಂತು ಮುಂದಿನ ಸಾಲು ಕಟ್ಟಿದರು. ಕೆಳಗೆ ಏನೂ ಇಲ್ಲ. 15 ವಾರದಲ್ಲಿ ಮುಗಿಯಿತು. ತಮಾಷೆ ಏನು ಗೊತ್ತಾ, ಅದು ತಾತ್ಕಾಲಿಕ ಸೂರು. ಮುಂದೆ ಗೋಪುರ ಕಟ್ಟುವ ತನಕ ಮಳೆ ಬೀಳದಿರಲಿ ಅಂತ. ಗೋಪುರ ಇವತ್ತಿನ ತನಕ ಆಗಿಲ್ಲ. ಗುಮ್ಮಟ ಇದೆ.

ಕಾಲೇಜ್ ಕಟ್ಟೆ:
ತಾತ್ಕಾಲಿಕ ಅಂತ ಕಟ್ಟಿದ್ದೇ ಶಾಶ್ವತ ಆಗೋದು ಎಲ್ಲಾ ಕಡೆನೂ ಒಂದೇ ಅನ್ಸುತ್ತೆ.

ಕಿಟಕಿಪಕ್ಕ:
ನನಗಿಷ್ಟ ನ್ಯೂಯಾರ್ಕಿನ ವಲಸೆ ತಪಾಸಣೆ ಕೇಂದ್ರ ಎಲ್ಲಿಸ್ ಐಲೆಂಡ್ ಕಥೆ. ವಲಸೆ ಬಂದ ಅಪ್ಪ-ಮಗ ಆ ಹಾಲ್‌ನಲ್ಲೇ ಸಾಲು ನಿಂತು ಅಮೆರಿಕದ ಒಳಗೆ ಹೋದರು. ಮುಂದೆ ಅದೇ ಹಾಲ್‌ಗೆ ಇಬ್ಬರೂ ಸೂರು ಕಟ್ಟಿದರು. ಸಿನಿಮಾ ಆಗಬೇಕಾದ ಕಥೆ.

ಹಳೇಗೋಡೆ:
ಅವರು ಬಂದದ್ದು 1881ರಲ್ಲಿ. ಎಲ್ಲಿಸ್ ಐಲೆಂಡ್ ಕೇಂದ್ರ ಶುರುವಾಗಿದ್ದೇ 1892ರಲ್ಲಿ. ಅಪ್ಪ ತೀರಿಕೊಂಡದ್ದು 1908ರಲ್ಲಿ. ಆ ದೊಡ್ಡ ಹಾಲ್‌ನ ಹೆಂಚಿನ ಸೂರು 1918ರದ್ದು, ಪೂರ್ತಿ ಮಗನ ಕಾಲದ್ದು. 1916ರ ಜುಲೈನಲ್ಲಿ ಪಕ್ಕದ ಬ್ಲ್ಯಾಕ್ ಟಾಮ್ ದ್ವೀಪದಲ್ಲಿ ಮದ್ದುಗುಂಡು ಸ್ಫೋಟ ಆಯಿತು. ಜರ್ಮನಿಯ ಏಜೆಂಟರು ಮಾಡಿಸಿದ್ದು. ಹಳೇ ಪ್ಲಾಸ್ಟರ್ ಸೂರು ಹಾಳಾಯಿತು. ಆಮೇಲೆ ಬಂದದ್ದು ಈ ಕಮಾನು. 1980ರ ದಶಕದಲ್ಲಿ ರಿಪೇರಿಗೆ ಹತ್ತಿ ಒಂದೊಂದೇ ಬಿಲ್ಲೆ ಪರೀಕ್ಷೆ ಮಾಡಿದರು. 28 ಸಾವಿರಕ್ಕೂ ಹೆಚ್ಚು ಬಿಲ್ಲೆಗಳಲ್ಲಿ ಬದಲಿಸಬೇಕಾಗಿ ಬಂದದ್ದು 17.

ಗಾರೆಮಣೆ:
17!! ನಾವು ಹೋದ ವರ್ಷ ಹಾಕಿದ ಬಾತ್‌ರೂಮ್ ಟೈಲ್ಸ್‌ನಲ್ಲೇ ಅದಕ್ಕಿಂತ ಜಾಸ್ತಿ ಎದ್ದಿರುತ್ತವೆ.

ಕಮಾನುಪ್ರಿಯೆ:
ಎಲ್ಲರೂ ಅಪ್ಪನನ್ನು ಹೊಗಳುತ್ತಿದ್ದೀರಿ. ಬಾರ್ಸಿಲೋನಾ ಬಿಟ್ಟದ್ದು ಯಾಕೆ ಅಂತ ಯಾರೂ ಹೇಳುತ್ತಿಲ್ಲ. ಅಲ್ಲಿ ಅವರೇನೂ ಸಣ್ಣವರಲ್ಲ. ಬಾಟ್ಲೊ ಬಟ್ಟೆ ಗಿರಣಿ ಕಟ್ಟಿದ್ದರು. ವಿಲಸ್ಸಾರ್ ದೆ ದಾಲ್ತ್ ಊರಿನಲ್ಲಿ ಲಾ ಮಾಸ್ಸ ಅನ್ನುವ ರಂಗಮಂದಿರಕ್ಕೆ ತೆಳ್ಳನೆ ಗುಮ್ಮಟ ಹಾಕಿದ್ದರು. ಆದರೆ ತೀರಿಸಲಾಗದ ಪ್ರಾಮಿಸರಿ ನೋಟು (ಸಾಲಪತ್ರ) ಬರೆದುಕೊಟ್ಟು, ದುಡ್ಡು ಎತ್ತಿಕೊಂಡು ಹಡಗು ಹತ್ತಿದರು ಅಂತ ಇತಿಹಾಸ ಬರೆದವರೇ ಹೇಳುತ್ತಾರೆ. ಹೆಂಡತಿ ದೊಡ್ಡ ಮಕ್ಕಳನ್ನು ಕರೆದುಕೊಂಡು ಅರ್ಜೆಂಟೀನಾ ಕಡೆ ಹೋದರು. ಇವರ ಜೊತೆ ನ್ಯೂಯಾರ್ಕಿಗೆ ಬಂದದ್ದು ಕೊನೇ ಮಗ. ಇನ್ನೂ ಚಿಕ್ಕ ಹುಡುಗ. ಜೊತೆಗೆ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸು, ಅವರ ಹೆಣ್ಣುಮಕ್ಕಳು. ‘ಕುಟುಂಬದ ಕಂಪನಿ’ ಅನ್ನುವಾಗ ಬಿಟ್ಟುಹೋದ ಕುಟುಂಬವನ್ನೂ ಸ್ವಲ್ಪ ನೆನೆಯಿರಿ.

ರೈಲುಹುಚ್ಚ:
ಕಟ್ಟಡದ ಚರ್ಚೆಗೆ ಇದೆಲ್ಲಾ ಬೇಕಾ?

ಕಮಾನುಪ್ರಿಯೆ:
ಬೇಕು. ಸಾಲಗಾರರು ಬಾಗಿಲು ಬಡಿಯದಿದ್ದರೆ ಆ ಕಮಾನುಗಳು ಸ್ಪೇನಿನಲ್ಲೇ ಉಳಿಯುತ್ತಿದ್ದವು. ನಿಮ್ಮ ಸಿಟಿ ಹಾಲ್ ಸ್ಟೇಷನ್ ಇನ್ನೊಂದು ಥರ ಇರುತ್ತಿತ್ತು.

ಸೈಟ್ ಇಂಜಿನಿಯರ್:
ಅಪ್ಪನ ಮೇಲೆ ನನಗೆ ಬೇರೆ ಕೋಪ ಇದೆ. 1890ರ ದಶಕದ ಶುರುವಿಗೆ ಒಂದು ಪ್ರಬಂಧ ಪ್ರಕಟಿಸಿದರು. ಬಿಲ್ಲೆ ಮತ್ತು ಸಿಮೆಂಟ್ ಸೇರಿ ಒಂದೇ ತುಂಡಾಗುತ್ತದೆ, ಮಾಮೂಲಿ ಕಮಾನಿನ ಹಾಗೆ ಪಕ್ಕಕ್ಕೆ ತಳ್ಳುವುದಿಲ್ಲ ಅನ್ನುವುದು ಅದರ ವಾದ. ಇದು ತಪ್ಪು. ಚಪ್ಪಟೆ ಕಮಾನು ಯಾವುದಾದರೂ ಪಕ್ಕಕ್ಕೆ ತಳ್ಳಿಯೇ ತಳ್ಳುತ್ತದೆ. ಆ ಒತ್ತಡ ಹೊರಲು ದಪ್ಪ ಗೋಡೆ ಬೇಕು, ಇಲ್ಲ ಕಬ್ಬಿಣದ ಕಟ್ಟು ಬೇಕು. ಕಂಪನಿಯವರೇ ತಮ್ಮ ಚಾವಣಿಗಳಿಗೆ ಕಬ್ಬಿಣದ ಸರಳು ಕೊಡುತ್ತಿದ್ದರು. ಮಾತಿನಲ್ಲಿ ಒಂದು, ಸೈಟಿನಲ್ಲಿ ಇನ್ನೊಂದು.

ಹಳೇಗೋಡೆ:
ಅದು ಮಾರಾಟದ ಮಾತು ಸರ್. ಎದುರಿಗೆ ಕೂತ ಆರ್ಕಿಟೆಕ್ಟಿಗೆ ‘ಪಕ್ಕಕ್ಕೆ ತಳ್ಳುತ್ತದೆ’ ಅಂದರೆ ಅವರು ಸ್ಟೀಲ್ ಕಂಪನಿಯ ಕಡೆ ಓಡಿಹೋಗುತ್ತಿದ್ದರು.

ಸೈಟ್ ಇಂಜಿನಿಯರ್:
ಮಾರಾಟದ ಮಾತನ್ನು ಸಿದ್ಧಾಂತ ಅಂತ ಅಚ್ಚು ಹಾಕಿಸಬಾರದು. ಅದಕ್ಕೇ ನನ್ನ ಓಟು ಮಗನಿಗೆ. ಕಾಲೇಜು ಓದಿದವನಲ್ಲ, ಅಪ್ಪನ ಆಫೀಸಿನಲ್ಲೇ ಕಲಿತವನು. ಆದರೂ ಎಲ್ಲಿ ಒತ್ತುತ್ತದೆ, ಎಲ್ಲಿ ಎಳೆಯುತ್ತದೆ ಅಂತ ಗೆರೆ ಎಳೆದು ಲೆಕ್ಕ ಹಾಕುವುದು ಗೊತ್ತಿತ್ತು. ಸೇಂಟ್ ಜಾನ್ ಗುಮ್ಮಟದಲ್ಲಿ ಎಳೆತ ಬರುವ ಜಾಗ ನೋಡಿ ಸರಳು ಕೊಟ್ಟ. ಅದಕ್ಕೆ 1910ರಲ್ಲಿ ಪೇಟೆಂಟ್ ಕೂಡ ತೆಗೆದುಕೊಂಡ. ಅಪ್ಪನದ್ದೇ ಹೆಸರು ಇಟ್ಟುಕೊಂಡದ್ದೊಂದೇ ಅವನ ಕಷ್ಟ. ಅರ್ಧ ಜನ ಇವತ್ತಿಗೂ ಇಬ್ಬರನ್ನೂ ಒಬ್ಬರೇ ಅಂದುಕೊಂಡಿದ್ದಾರೆ.

ಕಮಾನುಪ್ರಿಯೆ:
ಅಪ್ಪನಿಗೆ ಆಶ್‌ವಿಲ್ ಚರ್ಚ್ ಒಂದನ್ನಾದರೂ ಬಿಟ್ಟುಕೊಡಿ. ಕೋಟ್ಯಧೀಶ ವ್ಯಾಂಡರ್‌ಬಿಲ್ಟ್ ಅವರ ಬಿಲ್ಟ್‌ಮೋರ್ ಬಂಗಲೆ ಕೆಲಸಕ್ಕೆ ನಾರ್ತ್ ಕೆರೊಲಿನಾಗೆ ಹೋದವರು ಆ ಬೆಟ್ಟಗಳಿಗೆ ಮನಸೋತು ಅಲ್ಲೇ ಜಮೀನು ಕೊಂಡರು. ಆಶ್‌ವಿಲ್‌ನ ಸೇಂಟ್ ಲಾರೆನ್ಸ್ ಚರ್ಚ್‌ಗೆ 58 ಅಡಿಗೆ 82 ಅಡಿಯ ಮೊಟ್ಟೆಯಾಕಾರದ ಗುಮ್ಮಟ ಯೋಜಿಸಿದರು. ಮುಗಿಯುವ ಮೊದಲೇ ತೀರಿಕೊಂಡರು. ಮಗ ಮುಗಿಸಿದ. ಅಪ್ಪನ ಸಮಾಧಿ ಆ ಚರ್ಚಿನ ಒಳಗೇ ಇದೆ.

ಗಾರೆಮಣೆ:
ಮೂಲ ಪ್ರಶ್ನೆಗೆ ನನ್ನದೂ ಒಂದು ಮಾತು. ನಮ್ಮ ತಂದೆ ಕಂಟ್ರಾಕ್ಟರ್. ಅಣ್ಣ, ನಾನು ಇಬ್ಬರೂ ಅದೇ ಕೆಲಸದಲ್ಲಿ ಬೆಳೆದವರು. ಸರ್ಕಾರಿ ಕಟ್ಟಡ ಮುಗಿದರೆ ಉದ್ಘಾಟನೆ ಕಲ್ಲು ಹಾಕುತ್ತಾರೆ. ಮೇಲೆ ಮಂತ್ರಿ, ಕೆಳಗೆ ಶಾಸಕರು, ಆಮೇಲೆ ಅಧ್ಯಕ್ಷರು, ಇಂಜಿನಿಯರು. ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗುತ್ತಿಗೆದಾರರು’. ಅಷ್ಟಾದರೂ ಇರುತ್ತದೆ. ಒಂದು ಸಲ ಬಿಲ್ ತಡ ಆಗಿ ತಂದೆ ಜಗಳ ಆಡಿದ್ದರು. ಆ ಕಲ್ಲಿನಲ್ಲಿ ಅದೂ ಇರಲಿಲ್ಲ.

ಆದರೆ ಅಲ್ಲಿ ನಿಜವಾಗಿ ಗಾಳಿಯಲ್ಲಿ ನಿಂತು ಬಿಲ್ಲೆ ಅಂಟಿಸಿದವರ ಹೆಸರು ಎಲ್ಲಿ? ಗ್ವಾಸ್ಟವಿನೊ ಹೆಸರಾದರೂ ಸಿಕ್ಕಿತು. ಮೇಸ್ತ್ರಿಗಳದ್ದು?

ಗುಮ್ಮಟದೂರು:
ಅದರಲ್ಲಿ ಹೊಯ್ಸಳರೇ ಸರಿ ನೋಡಿ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದ್ದಾರೆ. ಅವರೂ ಅಪ್ಪ-ಮಗನೇ. 12ನೇ ಶತಮಾನದಲ್ಲಿ ಕೆಲಸದವರು ಸಹಿ ಹಾಕಬಹುದಿತ್ತು, 20ನೇ ಶತಮಾನದಲ್ಲಿ ಆಗಲಿಲ್ಲ.

ಲೆಕ್ಕದಮ್ಮ:
ಗುಮ್ಮಟದಿಂದ ಬೇಲೂರಿಗೆ ಬಂದಿರಿ, ಪ್ರಗತಿ. ಮಾತು ಮಾತ್ರ ಸರಿಯಾಗಿದೆ.

ತಂತಿವಾದ್ಯ:
ಶಬ್ದದ ವಿಷಯ ಯಾರೂ ಹೇಳಲಿಲ್ಲವಲ್ಲ. ಮಗ ಗ್ವಾಸ್ಟವಿನೊ ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೇಸ್ ಸೇಬಿನ್ ಜೊತೆ ಸೇರಿ ಶಬ್ದ ಹೀರುವ ಬಿಲ್ಲೆ ಮಾಡಿದರು. 1914ರಲ್ಲಿ ರಮ್‌ಫರ್ಡ್ ಟೈಲ್, ಆಮೇಲೆ 1916ರಲ್ಲಿ ಆಕೋಸ್ಟೊಲಿತ್. ಮೈಯೆಲ್ಲಾ ಸಣ್ಣ ತೂತು. ದೊಡ್ಡ ಚರ್ಚುಗಳಲ್ಲಿ ಪಾದ್ರಿಯ ಮಾತು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತಿತ್ತು, ಅದಕ್ಕೆ ಮದ್ದು. ಮಾತು ಸ್ಪಷ್ಟವಾಯಿತು. ಸಂಗೀತ ಸತ್ತಿತು! ಆರ್ಗನ್ ನುಡಿಸುವವರು ಇವತ್ತಿಗೂ ಶಾಪ ಹಾಕುತ್ತಾರೆ. ಡ್ಯೂಕ್ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಹೊಸ ಆರ್ಗನ್ ಕೂರಿಸುವಾಗ ಆ ತೂತುಗಳೆಲ್ಲ ಮುಚ್ಚುವ ಹಾಗೆ ಸೀಲರ್ ಹಚ್ಚಿಸಿದರು. ಒಂದು ತಲೆಮಾರು ದುಡ್ಡು ಕೊಟ್ಟು ಶಬ್ದ ಕಡಿಮೆ ಮಾಡಿಸಿತು, ಇನ್ನೊಂದು ದುಡ್ಡು ಕೊಟ್ಟು ವಾಪಸ್ ತರಿಸಿತು.

ಕಿಟಕಿಪಕ್ಕ:
ಸರಿ, ಎರಡನೇ ಪ್ರಶ್ನೆ? ಮುಚ್ಚಿದ್ದು ಯಾಕೆ?

ಸೈಟ್ ಇಂಜಿನಿಯರ್:
ಕೂಲಿ. ಒಂದೊಂದು ಬಿಲ್ಲೆಯನ್ನೂ ಕೈಯಿಂದ ಇಡಬೇಕು, ಅದೂ ಪಳಗಿದ ಕೈ. ಕಾಂಕ್ರೀಟಿನ ತೆಳು ಚಾವಣಿ ಬಂದಮೇಲೆ ಅದೇ ಆಕಾರವನ್ನು ಅಚ್ಚಿನಲ್ಲಿ ಸುರಿಯಬಹುದಾಯಿತು. 1930ರ ದಶಕದ ಆರ್ಥಿಕ ಕುಸಿತ ಒಂದು ಕಡೆ. ಸ್ಟೀಲ್ ಫ್ರೇಮಿನ ಚಪ್ಪಟೆ ಸೂರೇ ಫ್ಯಾಷನ್ ಆದದ್ದು ಇನ್ನೊಂದು ಕಡೆ. ಲೆಕ್ಕ ಹಾಕಲು ಕಾಂಕ್ರೀಟಿಗೆ ಪುಸ್ತಕ ಇತ್ತು, ಸ್ಟೀಲಿಗೆ ಪುಸ್ತಕ ಇತ್ತು. ಹೆಂಚಿನ ಕಮಾನಿಗೆ ಇದ್ದದ್ದು ‘ಗ್ವಾಸ್ಟವಿನೊ ಅವರನ್ನು ಕೇಳಿ’ ಅನ್ನುವ ಒಂದೇ ಉತ್ತರ.

ಹಳೇಗೋಡೆ:
ಅದೇ ಮುಖ್ಯ ಕಾರಣ ಅಂತ ನನಗೂ ಅನ್ನಿಸುತ್ತದೆ. ಇಪ್ಪತ್ತಕ್ಕೂ ಹೆಚ್ಚು ಪೇಟೆಂಟ್, ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ಸ್ವಂತ ಬಿಲ್ಲೆ ಕಾರ್ಖಾನೆ, ಸ್ವಂತ ಕೆಲಸಗಾರರು. ಬೇರೆಯವರಿಗೆ ಕಲಿಸುವ ಅಗತ್ಯವೇ ಬೀಳಲಿಲ್ಲ. ಅರ್ಧ ಶತಮಾನ ಅದೇ ಅವರ ಬಲ. ಆಮೇಲೆ ಅದೇ ಕುತ್ತಿಗೆಗೆ ಬಂತು.

ಲೆಕ್ಕದಮ್ಮ:
ಕಲಿಸಿದ್ದರೆ 1900ರಲ್ಲೇ ಹತ್ತು ಜನ ಕಡಿಮೆ ರೇಟಿಗೆ ಟೆಂಡರ್ ಹಾಕುತ್ತಿದ್ದರು, ಇನ್ನೂ ಬೇಗ ಮುಚ್ಚುತ್ತಿತ್ತು. ವ್ಯಾಪಾರ ಮಾಡಿದವರು ಹೀಗೆ ಹೇಳಲ್ಲ. 73 ವರ್ಷ ನಡೆದ ಕಂಪನಿಯನ್ನು ಸೋತ ಕಂಪನಿ ಅನ್ನಬೇಡಿ.

ಹಳೇಗೋಡೆ:
ಸೋತಿತು ಅನ್ನಲಿಲ್ಲ. ವಿದ್ಯೆ ಸೋತಿತು ಅಂದೆ.

ಕಮಾನುಪ್ರಿಯೆ:
ವಿದ್ಯೆಯೂ ಪೂರ್ತಿ ಸೋತಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಕಾಲಿನ್ಸ್ ಕಂಪನಿಯ ನಕ್ಷೆ, ಕಾಗದ ಎಲ್ಲಾ ಉಳಿಸಿಕೊಂಡರು. ಈಗ ಅಲ್ಲಿನ ಏವರಿ ಲೈಬ್ರರಿಯಲ್ಲಿವೆ. ಎಂಐಟಿಯ ಜಾನ್ ಆಕ್ಸೆನ್‌ಡಾರ್ಫ್ ಇದರ ಲೆಕ್ಕವನ್ನೆಲ್ಲ ಮತ್ತೆ ಬಿಡಿಸಿದರು. ದಕ್ಷಿಣ ಆಫ್ರಿಕಾದ ಮಾಪುಂಗುಬ್ವೆ ಪ್ರವಾಸಿ ಮಾಹಿತಿ ಕೇಂದ್ರವನ್ನು ಇದೇ ವಿಧಾನದಲ್ಲಿ ಕಟ್ಟಿದ್ದಾರೆ. ಸ್ಥಳೀಯ ಜನರಿಗೆ ಕಲಿಸಿ, ಅಲ್ಲಿನ ಮಣ್ಣಿನಲ್ಲೇ ಬಿಲ್ಲೆ ಒತ್ತಿಸಿ. 2009ರಲ್ಲಿ ಜಗತ್ತಿನ ವರ್ಷದ ಕಟ್ಟಡ ಅಂತ ಪ್ರಶಸ್ತಿಯೂ ಬಂತು.

ರೈಲುಹುಚ್ಚ:
1997ರಲ್ಲಿ ಓಯ್‌ಸ್ಟರ್ ಬಾರ್‌ಗೆ ಬೆಂಕಿ ಬಿದ್ದಾಗ ಬಿಲ್ಲೆಗಳು ಹಾಳಾದವು, ಕಮಾನು ನಿಂತಿತು. ಹೆಸರಿನಲ್ಲಿ ಫೈರ್‌ಪ್ರೂಫ್ ಅಂತ ಇಟ್ಟುಕೊಂಡದ್ದು ಸುಮ್ನೆ ಅಲ್ಲ.

ಕಾಲೇಜ್ ಕಟ್ಟೆ:
ಪ್ರಾಜೆಕ್ಟಿಗೆ ಒಂದು ಸಣ್ಣ ಕಮಾನು ಕಟ್ಟಿ ನೋಡಬೇಕು ಅಂತಿದ್ದೀನಿ. ಎರಡು ಮೀಟರ್ ಅಗಲ. ಯಾರಾದರೂ ಬೈಯದೆ ಸಲಹೆ ಕೊಡಿ.

ಸೈಟ್ ಇಂಜಿನಿಯರ್:
ಕಟ್ಟು. ಆದರೆ ಎರಡೂ ಕಡೆ ಆನಿಕೆ ಗಟ್ಟಿ ಇರಲಿ. ಮೇಲೆ ಹೇಳಿದ್ದು ನೆನಪಿದೆಯಲ್ಲ, ಪಕ್ಕಕ್ಕೆ ತಳ್ಳುತ್ತದೆ. ಆಕಾರಕ್ಕೆ ಒಂದು ಸರಪಳಿ ನೇತುಹಾಕಿ ಅದರ ಬಾಗು ಬರೆದುಕೊಂಡು ತಲೆಕೆಳಗೆ ಮಾಡು.

ಗಾರೆಮಣೆ:
ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಬಾಂಡ್ಲಿ ಕಲಸಿಟ್ಟುಕೊಳ್ಳಬೇಡ ತಮ್ಮ, ಬಾಂಡ್ಲಿಯಲ್ಲೇ ಕಲ್ಲಾಗುತ್ತದೆ. ಒಂದು ಹಿಡಿ, ಎರಡು ಬಿಲ್ಲೆಗೆ ಸಾಕಾಗುವಷ್ಟು. ಬಿಲ್ಲೆಯನ್ನು ನೀರಿಗೆ ಅದ್ದಿ ತೆಗಿ, ಒಣಗಿದ್ದರೆ ಗಾರೆಯ ನೀರು ಹೀರಿಬಿಡುತ್ತದೆ. ಮೊದಲ ಸಾಲು ಗೋಡೆಗೆ ಕಚ್ಚಬೇಕು, ಅದಕ್ಕೆ ಗೋಡೆಯನ್ನು ಸ್ವಲ್ಪ ಓರೆಯಾಗಿ ಕಡಿದುಕೋ. ಇನ್ನೊಂದು, ಒಂದೇ ಪದರ ಆಗಿರುವಾಗ ಫೋಟೋಗೆ ಅಂತ ಮೇಲೆ ಹತ್ತಬೇಡ.

ಕಾಲೇಜ್ ಕಟ್ಟೆ:
ಹತ್ತಲ್ಲ. ಗೆಳೆಯನನ್ನು ಹತ್ತಿಸ್ತೀನಿ.